ರೋಗಿಯನ್ನು ಬದುಕಿಸಿದರೆ ಮನುಷ್ಯಕುಲ ಕೆಡುವುದೇ?

ಮಾನ್ಯ ಸಂಪಾದಕರೇ,

‘ಬದುಕಲಾರದವರನ್ನೂ ವೈದ್ಯರು ಬದುಕಿಸುತ್ತಿದ್ದಾರೆ, ನೈಸರ್ಗಿಕ ಆಯ್ಕೆ ನಿಂತೇಹೋಯಿತು, ಮುಂದಿನ ತಲೆಮಾರಿನ ತುಂಬ ಆನುವಂಶಿಕ ಕಾಯಿಲೆಗಳೇ’ ಎಂಬ ಮಾತು ಓದುಬರಹ ಬಲ್ಲವರಿಂದಲೂ ಕೇಳಿಬರುತ್ತದೆ. ಹಾಗೆನ್ನುವವರು ದಯವಿಟ್ಟು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಫಿನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆಯನ್ನೇ ತೆಗೆದುಕೊಳ್ಳಿ. ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್ ಎಂಬ ಅಂಶವನ್ನು ದೇಹ ಕರಗಿಸಲಾರದೆ, ಅದು ರಕ್ತದಲ್ಲಿ ಏರಿ ಮಿದುಳಿಗೆ ಪೆಟ್ಟು ಕೊಡುವ ಕಾಯಿಲೆ ಇದು. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರಷ್ಟೇ ಇದು ಮಗುವಿಗೆ ತಗಲುತ್ತದೆ. ಯುರೋಪ್ ಮೂಲದವರಲ್ಲಿ ಸುಮಾರು 10,000ಕ್ಕೆ ಒಬ್ಬರಿಗೆ ಇರುತ್ತದೆ. ಅಷ್ಟು ಮಂದಿಯಲ್ಲಿ ಆ ಜೀನಿನ ಪ್ರತಿಗಳು ತಲಾ ಎರಡರಂತೆ ಒಟ್ಟು 20,000. ದೋಷವಿರುವವು ಸುಮಾರು 200. ಅದರಲ್ಲಿ ರೋಗಿಯ ಮೈಯಲ್ಲಿರುವುದು ಎರಡೇ ಎರಡು. ಮಿಕ್ಕ 198 ಪ್ರತಿಗಳು ತಲಾ ಒಂದರಂತೆ ಆರೋಗ್ಯವಂತ ವಾಹಕರಲ್ಲಿವೆ. ಅವರಿಗೆ ಅದರ ಸುಳಿವೂ ಇರುವುದಿಲ್ಲ. ರೋಗಿಗೆ ಚಿಕಿತ್ಸೆ ಕೊಡದೆ ಕೈಬಿಟ್ಟರೂ ಒಂದು ತಲೆಮಾರಿನಲ್ಲಿ ಅಳಿಯುವುದು ನೂರರಲ್ಲೊಂದು ಪಾಲು. ಎಲ್ಲ ರೋಗಿಗಳೂ ಗುಣವಾಗಿ ಇತರರಷ್ಟೇ ಮಕ್ಕಳನ್ನು ಪಡೆದರೂ ಹೊಸದಾಗಿ ಹುಟ್ಟುವ ದೋಷಗಳು ಸೇರಿ ಆ ಜೀನಿನ ಪ್ರಮಾಣ ದುಪ್ಪಟ್ಟಾಗಲು ಸುಮಾರು ನೂರು ತಲೆಮಾರು, ಅಂದರೆ 2,500 ವರ್ಷ ಹಿಡಿಯುತ್ತದೆ.

ಎಲ್ಲ ಕಾಯಿಲೆಗಳೂ ಹೀಗಲ್ಲ, ಒಪ್ಪೋಣ. ಕಣ್ಣಿನ ಕ್ಯಾನ್ಸರ್ ರೆಟಿನೊಬ್ಲಾಸ್ಟೊಮಾದ ಆನುವಂಶಿಕ ಬಗೆಯಲ್ಲಿ ದೋಷದ ಒಂದು ಪ್ರತಿ ಬಂದರೂ ಅಪಾಯವೇ. ಬದುಕುಳಿದವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ 50. ಇಲ್ಲಿ ಏರಿಕೆ ಬೇಗ ಕಾಣುತ್ತದೆ. ಆದರೆ ಯಾರ ಮಗುವಿನ ಕಣ್ಣನ್ನು ಹುಟ್ಟಿದಂದಿನಿಂದಲೇ ಪರೀಕ್ಷಿಸಬೇಕೆಂಬುದೂ ಮೊದಲೇ ಗೊತ್ತಿರುತ್ತದೆ. ಇನ್ನು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಜೀನಿನ ಕಥೆ ತದ್ವಿರುದ್ಧ. ಅದರ ಒಂದು ಪ್ರತಿ ಇದ್ದವರನ್ನು ಮಲೇರಿಯಾ ಅಷ್ಟಾಗಿ ಬಾಧಿಸದು. ಮಲೇರಿಯಾವನ್ನೇ ಹತ್ತಿಕ್ಕಿದರೆ ಆ ಲಾಭ ಹೋಗಿ ಜೀನ್ ನಿಧಾನವಾಗಿ ಕಡಿಮೆಯಾಗುತ್ತದೆ.

ನಿಜಕ್ಕೂ ಚಿಂತಿಸಬೇಕಾದದ್ದು ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದರ ಬಗ್ಗೆ. ಫಿನೈಲ್‌ಕೀಟೋನ್ಯೂರಿಯಾ ಪತ್ತೆಗೆ ಹುಟ್ಟಿದ 24ರಿಂದ 72 ಗಂಟೆಗಳೊಳಗೆ ಹಿಮ್ಮಡಿಯ ಅಂಚಿನಲ್ಲಿ ಚುಚ್ಚಿ ಶೋಧಕ ಕಾಗದದ ಮೇಲೆ ರಕ್ತದ ಹನಿ ತೆಗೆಯುತ್ತಾರೆ. ಅವಸರಪಟ್ಟು ಮೊದಲೇ ತೆಗೆದರೆ ಕಾಯಿಲೆ ಕಣ್ತಪ್ಪಬಹುದು. ಗರ್ಭದಲ್ಲಿರುವಷ್ಟು ದಿನ ಮಗುವಿನ ಫಿನೈಲ್‌ಅಲನೀನನ್ನು ತಾಯಿಯ ದೇಹವೇ ಕರಗಿಸಿರುತ್ತದೆ. ಅದು ರಕ್ತದಲ್ಲಿ ಏರಲು ಹುಟ್ಟಿದ ಮೇಲೆ ಸಮಯ ಬೇಕು. ಪತ್ತೆಯಾದ ಮಗುವಿಗೆ ಫಿನೈಲ್‌ಅಲನೀನ್ ಅಳೆದು ಕೊಡುವ ಪಥ್ಯ ಶುರುವಾದರೆ ಬುದ್ಧಿ ಸರಿಯಾಗಿ ಬೆಳೆಯುತ್ತದೆ.

ದೊಡ್ಡವರಾದ ಮೇಲೆ ಎಷ್ಟೋ ಮಂದಿ ಪಥ್ಯ ಬಿಡುತ್ತಾರೆ. ಹಾಗೆ ಬಿಟ್ಟ ಹೆಣ್ಣುಮಗಳು ಗರ್ಭಿಣಿಯಾದಾಗ ಅವಳ ರಕ್ತದ ಫಿನೈಲ್‌ಅಲನೀನ್ ಮಾಸು ದಾಟಿ, ಇನ್ನೂ ಹೆಚ್ಚಿನ ಮಟ್ಟದಲ್ಲಿ ಭ್ರೂಣವನ್ನು ಸೇರುತ್ತದೆ. ಮಗುವಿನ ತಲೆ ಚಿಕ್ಕದಾಗುತ್ತದೆ, ಬುದ್ಧಿ ಕುಂಠಿತವಾಗುತ್ತದೆ, ಹೃದಯದಲ್ಲಿ ದೋಷ ಕಾಣಿಸಬಹುದು. ಆ ಮಗುವಿಗೆ ಸಾಮಾನ್ಯವಾಗಿ ಕಾಯಿಲೆಯೇ ಇರುವುದಿಲ್ಲ, ಅದು ಬರೀ ವಾಹಕ. ಪೆಟ್ಟು ಬಿದ್ದದ್ದು ಜೀನಿನಿಂದಲ್ಲ, ತಾಯಿಯ ರಕ್ತದಿಂದ.

ಹೃದಯ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಗರ್ಭ ನಿಂತದ್ದು ಗೊತ್ತಾದ ಮೇಲೆ ಪಥ್ಯ ಹಿಡಿದರೆ ತಡವಾಗಿರುತ್ತದೆ. ಫಿನೈಲ್‌ಅಲನೀನ್ ಲೀಟರ್ ರಕ್ತಕ್ಕೆ 120ರಿಂದ 360 ಮೈಕ್ರೊಮೋಲ್ ಇರುವ ಮಟ್ಟವನ್ನು ಗರ್ಭ ಧರಿಸುವ ಮೊದಲೇ ತಲುಪಿ, ಹೆರಿಗೆಯವರೆಗೂ ಕಾಯ್ದುಕೊಳ್ಳಬೇಕು. ಆದ್ದರಿಂದ ಈ ರೋಗದ ವಿಶೇಷ ಆಹಾರ, ರಕ್ತಪರೀಕ್ಷೆ ಎರಡನ್ನೂ ಬಾಲ್ಯಕ್ಕೇ ನಿಲ್ಲಿಸದೆ ಹೆರುವ ವಯಸ್ಸು ಮುಗಿಯುವವರೆಗೂ ಒದಗಿಸಬೇಕೆಂದು ಆರೋಗ್ಯ ಇಲಾಖೆಗಳನ್ನು ಒತ್ತಾಯಿಸುತ್ತೇವೆ.

— ತಳಿವಿಜ್ಞಾನದ ಅಧ್ಯಾಪಕರು