ಅವ್ವನಿಗೆ ನೀನೇ ಹೇಳಬೇಕು

ಪ್ರೀತಿಯ ಗೆಳೆಯಾ,

ಗಂಗಾವತಿಯಿಂದ ನೀನು ಕಳಿಸಿದ ರಿಪೋರ್ಟುಗಳನ್ನು ಬಳ್ಳಾರಿಯಲ್ಲಿ ನನಗೆ ಪರಿಚಯದ ಮೂತ್ರರೋಗ ತಜ್ಞರಿಗೆ ತೋರಿಸಿದೆ. ಹೆಸರು ಹಾಕದೆ ಎಲ್ಲರೂ ಓದುವಂತೆ ಬರೆ ಎಂದು ನೀನೇ ಹೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಾಗಿಲ್ಲ ಎಂಬ ಇದೇ ಸಂಕಟವನ್ನು ಬಾಯಿಬಿಡದೆ ನುಂಗುತ್ತಿರುವವರು ನಮ್ಮ ಕಡೆ ಇನ್ನೂ ಇದ್ದಾರು.

ನಿನ್ನದು ಹುಟ್ಟಿನಿಂದಲೇ ಬಂದದ್ದು. ವೃಷಣದಿಂದ ವೀರ್ಯಾಣುಗಳನ್ನು ಹೊರಗೆ ಸಾಗಿಸುವ ಎರಡೂ ಕಡೆಯ ವೀರ್ಯನಾಳಗಳು ನಿನ್ನಲ್ಲಿ ಇಲ್ಲ. ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವಾಸೆಕ್ಟಮಿಯಲ್ಲಿ ಕತ್ತರಿಸಿ ಕಟ್ಟುವುದು ಇದೇ ನಾಳವನ್ನು. ವೃಷಣಗಳ ಗಾತ್ರವೂ ಹಾರ್ಮೋನುಗಳೂ ಸರಿಯಾಗಿವೆ. ಅಂದರೆ ಒಳಗೆ ವೀರ್ಯಾಣುಗಳು ಹುಟ್ಟುತ್ತಿರಬೇಕು, ಹೊರಬರಲು ದಾರಿಯಿಲ್ಲ ಅಷ್ಟೇ. ಗಂಡಸಿನ ಹಾರ್ಮೋನು ಈ ನಾಳದಲ್ಲಿ ಹರಿಯುವುದಿಲ್ಲ, ನೇರವಾಗಿ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಮೀಸೆಯಲ್ಲಾಗಲಿ, ದನಿಯಲ್ಲಾಗಲಿ, ದಾಂಪತ್ಯದಲ್ಲಾಗಲಿ ನಿನಗೆ ಏನೂ ವ್ಯತ್ಯಾಸ ಕಾಣಲಿಲ್ಲ. 'ನಾನು ಗಂಡಸೇ ಅಲ್ಲವೇನೋ' ಎಂದು ಫೋನಿನಲ್ಲಿ ಅತ್ತೆಯಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ.

ಮಕ್ಕಳಾಗದ ಗಂಡಸರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಈ ಕೊರತೆ ಇರುತ್ತದೆ. ಪತ್ತೆಗೆ ದೊಡ್ಡ ಯಂತ್ರವೂ ಬೇಡ. ಅನುಭವವಿರುವ ವೈದ್ಯರ ಬೆರಳಿಗೇ ನಾಳವಿಲ್ಲದ್ದು ತಿಳಿಯುತ್ತದೆ. ವೀರ್ಯ ಪರೀಕ್ಷೆಯಲ್ಲಿ ಪ್ರಮಾಣ ತೀರಾ ಕಡಿಮೆ, ಆಮ್ಲೀಯ ಗುಣ, ಫ್ರಕ್ಟೋಸ್ ಎಂಬ ಸಕ್ಕರೆ ಇಲ್ಲ ಎಂದು ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡಿಸಿಕೋ ಎಂದು ನಿನಗೆ ಯಾರೂ ಹೇಳಲಿಲ್ಲ. ನನಗೆ ತಂಗಿಯಂತಿರುವ ನಿನ್ನ ಹೆಂಡತಿಗೆ ಮಾತ್ರ ಸ್ಕ್ಯಾನಿಂಗ್, ಮಾತ್ರೆ, ಚುಚ್ಚುಮದ್ದು, ಹುಣ್ಣಿಮೆ ಹುಣ್ಣಿಮೆಗೂ ಹುಲಿಗೆಮ್ಮನ ಗುಡಿ. ಸೀಮಂತಕ್ಕೆ ಕರೆಯದ ನೆಂಟರನ್ನೂ ಅವಳು ಸಹಿಸಿದಳು. ಇದನ್ನು ನೆನೆದರೆ ನನಗೆ ಸಿಟ್ಟು ತಡೆಯುವುದಿಲ್ಲ.

ಮುಂದಿನದನ್ನು ಗಮನವಿಟ್ಟು ಓದು. ಈ ಕೊರತೆಯುಳ್ಳ ಬಹಳ ಜನರಲ್ಲಿ ಏಳನೇ ವರ್ಣತಂತುವಿನ ಸಿಎಫ್‌ಟಿಆರ್ ಎಂಬ ಜೀನಿನಲ್ಲಿ ದೋಷವಿರುತ್ತದೆ. 1989ರಲ್ಲಿ ಪತ್ತೆಯಾದ ಈ ಜೀನಿನ, ತಂದೆಯಿಂದ ಬಂದದ್ದೂ ತಾಯಿಯಿಂದ ಬಂದದ್ದೂ ಎರಡೂ ತೀವ್ರವಾಗಿ ಕೆಟ್ಟಿದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ, ಜೀರ್ಣಾಂಗದ ಕಠಿಣ ಕಾಯಿಲೆ ಬರುತ್ತದೆ. ತಂಗಿಯಲ್ಲೂ ಅಂಥದೇ ದೋಷ ಅಡಗಿದ್ದರೆ ಮಗುವಿಗೆ ಆ ಕಾಯಿಲೆ ಬರುವ ಅಪಾಯವಿದೆ. ಹಾಗಾಗಿ ಚಿಕಿತ್ಸೆಗೆ ಮೊದಲು ಇಬ್ಬರದ್ದೂ ರಕ್ತ ಪರೀಕ್ಷೆ ಆಗಲಿ. ಬೆಂಗಳೂರಿಗೆ ಹೋಗಬೇಕಾದರೂ ಹೋಗು, ಇದರಲ್ಲಿ ಮಾತ್ರ ಅವಸರ ಬೇಡ. ನಿನ್ನ ಹೊಟ್ಟೆಯ ಸ್ಕ್ಯಾನಿಂಗೂ ಆಗಲಿ; ಕೆಲವರಿಗೆ ಈ ಕೊರತೆಯ ಜೊತೆಗೆ ಒಂದು ಮೂತ್ರಪಿಂಡವೂ ಇರುವುದಿಲ್ಲ.

ಇಲ್ಲದ ನಾಳವನ್ನು ಯಾವ ಔಷಧಿಯೂ ಬೆಳೆಸುವುದಿಲ್ಲ. ಗೋಡೆಯ ಮೇಲೆ ಜಾಹೀರಾತು ಬರೆಸುವವರ ಪುಡಿಗೆ ದುಡ್ಡು ಸುರಿಯಬೇಡ. ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ತೆಗೆದು, ಒಂದೊಂದನ್ನೇ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನವಿದೆ. ಅಂಡಾಣುವಿನೊಳಗೆ ಹೀಗೆ ಒಂದೇ ವೀರ್ಯಾಣು ಸೇರಿಸಿ ಮಗು ಹುಟ್ಟಿದ ಮೊದಲ ವರದಿ 1992ರಲ್ಲೇ ಬಂದಿದೆ. ಖರ್ಚು ಹೆಚ್ಚು, ಮೊದಲ ಸಲವೇ ಫಲಿಸುತ್ತದೆಂಬ ಖಾತ್ರಿಯಿಲ್ಲ. ಇಂಥ ಚಿಕಿತ್ಸಾ ಕೇಂದ್ರಗಳಿಗಾಗಿಯೇ ಇರುವ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾದ ಕೇಂದ್ರವೇ ಎಂದು ಮೊದಲು ಕೇಳು. ಮಗು ಬೇಕೇ, ದತ್ತು ತೆಗೆದುಕೊಳ್ಳುವುದೇ, ಇಬ್ಬರೇ ಇರುವುದೇ ಎಂಬುದನ್ನು ನೀವಿಬ್ಬರೂ ಕೂತು ತೀರ್ಮಾನಿಸಿ.

ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ. ಅವ್ವ ಕಾರಟಗಿ ಕಡೆ ನಿನಗೆ ಎರಡನೇ ಹೆಣ್ಣು ನೋಡುತ್ತಿದ್ದಾರೆ ಎಂದೆ. ಅವರಿಗೆ ನೀನೇ ಹೇಳಬೇಕು. ಬೇಕಾದರೆ ಭಾನುವಾರ ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ, ವೈದ್ಯರ ಚೀಟಿ ಓದಿ ಹೇಳುತ್ತೇನೆ. ಕೊರತೆ ನನ್ನದು ಎಂಬ ಮಾತು ಮಾತ್ರ ನಿನ್ನ ಬಾಯಿಂದಲೇ, ತಂಗಿಯ ಎದುರಿಗೇ ಬರಲಿ.

ಇಂತಿ ನಿನ್ನ ಗೆಳೆಯ,
ಬಳ್ಳಾರಿ