ವಿಯೆಟ್ನಾಂಗ ಹೋಗೋರು ಒಂದು ಊರಾಗಾದ್ರೂ ಕುಂತು ಬರ್ರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಾಗ ಬಂದಿದ್ದ ವಿಯೆಟ್ನಾಂ ಪ್ರವಾಸದ ಲೇಖನ ಓದಿದೆ. ಹಾಲಾಂಗ್ ಬೇ, ಬಾನಾ ಹಿಲ್ಸ್‌ನ ಗೋಲ್ಡನ್ ಬ್ರಿಡ್ಜ್, ಹನೋಯ್ ಟ್ರೇನ್ ಸ್ಟ್ರೀಟ್, ಫೋಟೊ ಎಲ್ಲಾ ಚಂದ ಅದಾವ, ಆದ್ರ ಇವಿಷ್ಟ ನೋಡಿ ವಾಪಸ್ ಬಂದ್ರ ಅಲ್ಲಿ ಮಂದಿ ಹೆಂಗ ಬದುಕ್ತಾರ ಅನ್ನೋದು ಒಂಚೂರೂ ಗೊತ್ತಾಗಂಗಿಲ್ಲ, ಅದಕ್ಕ ಈ ಪತ್ರ. ಈಗ ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯಿಂದನೂ ಹೆಗಲಿಗೆ ಬ್ಯಾಗ್ ಹಾಕ್ಕೊಂಡು ಹೊರದೇಶಕ್ಕ ಹೊಂಟ ಹುಡುಗ್ರು ಹುಡುಗ್ಯಾರು ಅದಾರ, ಕೇಳಿದ್ರ ಖುಷಿ ಆಗ್ತದ, ಆದ್ರ ಎಲ್ಲಾರದೂ ಅದ ನಾಕು ಸ್ಪಾಟ್, ಅದ ರೀಲ್ಸ್.

ನಾನು ಆನೆಗೊಂದಿಯವ. ಹಂಪಿ 1986ರಾಗ ಯುನೆಸ್ಕೊ ಪಟ್ಟಿಗೆ ಸೇರಿತು, ಹಂಗಾಗಿ ವಿದೇಶಿ ಮಂದಿನ್ನ ಸಣ್ಣಾಗಿಂದ ನೋಡ್ಕೋತ ಬಂದೀನಿ. ಕಲ್ಲಿನ ರಥದ ಮುಂದ ನಿಂತು ಫೋಟೊ ತಗೊಂಡು ಸಂಜಿ ಬಸ್ಸಿಗೆ ಹೋದೋರು ಹೋದ್ರು. ಹೊಳಿ ದಾಟಿ ಈ ಕಡೆ ಬಂದು, ಬಾಡಿಗಿ ಸೈಕಲ್ ತಗೊಂಡು ಗದ್ದಿ ದಂಡಿಗುಂಟ ಓಡಾಡಿ, ಹೋಟೆಲ್‌ನಾಗ ನಮ್ಮ ಜೊತಿ ಕುಂತು ವಗ್ಗರಣಿ ಮಿರ್ಚಿ ತಿಂದು, ಈ ಕಾಲುವಿ ಯಾರು ಕಡಿಸಿದ್ದು, ನಾಟಿ ಯಾವಾಗ ಅಂತ ಕೇಳಿದೋರು ಮಾತ್ರ ನಮ್ಮೂರು ನೋಡಿದ್ರು ಅಂತೀನಿ ನಾನು. ನಾವೂ ಇನ್ನೊಬ್ಬರ ಊರಿಗೆ ಹೋದಾಗ ಹಂಗ ಇರಬೇಕಲ್ಲ.

ಹೋದ ವರ್ಷ ನಾನೂ ನಮ್ಮ ಅಣ್ಣನ ಮಗನೂ ವಿಯೆಟ್ನಾಂಗ ಹೋದಾಗ ಹೊ ಚಿ ಮಿನ್ ಸಿಟಿಯಿಂದ ರೈಲು ಹತ್ತಿ ಥಾಪ್ ಚಾಮ್ ಅನ್ನೋ ಸ್ಟೇಷನ್‌ನಾಗ ಇಳಿದ್ವಿ. ಹನೋಯ್ ತನಕ ಹೋಗೋ 1,726 ಕಿಲೋಮೀಟರ್ ಲೈನಿನಾಗ ಬರೋ ಸ್ಟೇಷನ್ ಅದು, ಪಕ್ಕದಾಗ ಫಾನ್ ರಾಂಗ್ ಪಟ್ಟಣ. ಮೊದಲು ನಿನ್ಹ್ ಥುವಾನ್ ಪ್ರಾಂತ್ಯ ಇತ್ತು, 2025ರಾಗ ಖಾನ್ಹ್ ಹೋವಾಕ್ಕ ಸೇರಿಸ್ಯಾರ. ವಿಯೆಟ್ನಾಂ ಅಂದ್ರ ಬರೀ ಹಸರು ಅಂತ ತಿಳ್ಕೊಂಡೋರು ಇಲ್ಲಿಗೆ ಬರಬೇಕು, ಆ ದೇಶದಾಗ ಮಳಿ ಬಾಳ ಕಡಿಮಿ ಬೀಳೋ ಸೀಮಿ ಇದು, ಬಿಸಲು, ಕುರಿ ಹಿಂಡು, ದ್ರಾಕ್ಷಿ ತ್ವಾಟ, ನಮ್ಮ ಕೊಪ್ಪಳ ಕುಷ್ಟಗಿ ನೋಡಿದಂಗ ಆತು. ಗುಡ್ಡದ ಮ್ಯಾಲೆ ಪೊ ಕ್ಲಾಂಗ್ ಗರಾಯ್ ಅಂತ ಇಟ್ಟಂಗಿ ಗುಡಿ ಐತಿ, ಹಿಂದ ಈ ಸೀಮಿ ಆಳಿದ ಚಾಮ್ ಅನ್ನೋ ಜನಾಂಗದ ರಾಜರ ಕಾಲದ್ದು, ಬಾಗಿಲ ಮ್ಯಾಲೆ ಕುಣಿಯೋ ಶಿವ, ಒಳಗ ನಂದಿ, ಗರ್ಭಗುಡಿಯಾಗ ಮುಖ ಇರೋ ಲಿಂಗ, ಇವತ್ತಿಗೂ ಚಾಮ್ ಮಂದಿ ಪೂಜಿ ಮಾಡ್ತಾರ. ನಮ್ಮ ದಸರಾ ಆಸುಪಾಸು ಕಾತೆ ಅಂತ ಅವರ ದೊಡ್ಡ ಹಬ್ಬ ಬರ್ತದ, ಆವಾಗ ಹೋದ್ರ ಇನ್ನೂ ಚಲೋ.

ಫಾನ್ ರಾಂಗ್‌ನಿಂದ ಒಂದ್ ಹತ್ತು ಕಿಲೋಮೀಟರ್ ಬಾವ್ ಚುಕ್, ಚಾಮ್ ಕುಂಬಾರರ ಊರು. ಮಡಕಿ ಮಾಡೋರು ಹೆಣ್ಮಕ್ಕಳು, ತಿಗರಿ ಇಲ್ಲ! ಒಂದು ಎತ್ತರದ ಪೀಠದ ಮ್ಯಾಲೆ ಮಣ್ಣಿನ ಮುದ್ದಿ ಇಟ್ಟು, ಮುದುಕಿ ಸೊಂಟ ಬಗ್ಗಿಸಿ ಹಿಂದ ಹಿಂದಕ್ಕ ನಡ್ಕೋತ ಅದರ ಸುತ್ತ ತಾನ ತಿರುಗ್ತಾಳ, ಒಂದು ಕೈ ಒಳಗ, ಒಂದು ಕೈ ಹೊರಗ, ನಡನಡುವ ಹಸಿ ಅರಬಿ ತಗೊಂಡು ಅಂಚು ನುಣುಪು ಮಾಡ್ತಾಳ, ನೋಡ್ನೋಡ್ತ ಮಣ್ಣು ಮಡಕಿ ಆಗಿಬಿಡ್ತದ. ಸುಡೋದು ಬಯಲಾಗ, ಕಟ್ಟಿಗಿ, ಭತ್ತದ ಹುಲ್ಲು ಹಾಕಿ. ಈ ಕಲೆನ್ನ ಯುನೆಸ್ಕೊ 2022ರಾಗ ತುರ್ತಾಗಿ ಉಳಿಸಬೇಕಾದ ಪಟ್ಟಿಗೆ ಸೇರಿಸೈತಿ, ಕಲಿಯೋ ಹುಡುಗ್ರು ಕಮ್ಮಿ ಆಗ್ಯಾರ ಅಂತ. ಫೋನಿನಾಗ ನಮ್ಮ ಕಿನ್ನಾಳದ ಗೊಂಬಿ ಫೋಟೊ ತೋರಿಸಿದ್ವಿ, ಆಕಿ ಮೊಮ್ಮಗಳನ್ನ ಕರದು ತೋರಿಸಿದಳು, ಆಮ್ಯಾಲೆ ನಮ್ಮ ಕೈಗೂ ಮಣ್ಣು ಕೊಟ್ಟಳು. ಮಾತು ಒಂದೂ ತಿಳಿಲಿಲ್ಲ, ಆದ್ರೂ ಮಧ್ಯಾಹ್ನ ಹೆಂಗ ಹೋತು ಗೊತ್ತಾಗ್ಲಿಲ್ಲ.

ಅದಕ್ಕ ನಮ್ಮ ಹುಡುಗರಿಗೆ ಹೇಳೋದು, ನಿಮ್ಮ ಮನಿ ಕಸುಬು ಏನೈತಿ ಅದನ್ನ ಹಿಡ್ಕೊಂಡು ಹೋಗ್ರಿ. ಭತ್ತ ಬೆಳೆಯೋರು ಅಲ್ಲಿ ಗದ್ದಿಗೆ ಹೋಗ್ರಿ, ನೇಯೋರು ನೇಕಾರರ ಮನಿ ಹುಡುಕ್ರಿ, ಗ್ಯಾರೇಜ್ ಇದ್ದೋರು ಅಲ್ಲಿ ಬೈಕ್ ರಿಪೇರಿ ಅಂಗಡಿ ಮುಂದ ಕುಂದರ್ರಿ, ಮಾತು ತಾನ ಹುಟ್ತದ. ಸಸ್ಯಾಹಾರಿಗಳು ಹೆದರಬ್ಯಾಡ್ರಿ, ಬೋರ್ಡಿನ ಮ್ಯಾಲೆ 'ಚೈ' (Chay) ಅಂತ ಇದ್ರ ಅಲ್ಲಿ ಮಾಂಸ ಹಾಕಂಗಿಲ್ಲ, ಅಮಾಸಿ ಹುಣ್ಣಿಮಿಗೆ ಬೌದ್ಧರು ಬಾಳ ಮಂದಿ ಅದನ್ನ ಉಣ್ತಾರ, ಅವತ್ತು ಸಂತಿಯಾಗೂ ಸಿಗ್ತದ. ಆದ್ರ ಮೀನಿನ ಸಾಸ್ ಬಗ್ಗೆ ಕೇಳಿನ ತಿನ್ರಿ. ಮನಿಯಾಗ ಉಳಕೊಂಡ್ರ ಪಾಸ್‌ಪೋರ್ಟ್ ಕೇಳ್ತಾರ, ಪೊಲೀಸರಿಗೆ ಹೆಸರು ಬರೆಸೋದು ಅಲ್ಲಿ ಕಾನೂನು.

ಇನ್ನೊಂದು ಮಾತು ಬಾಳ ಮನಸಿಟ್ಟು ಹೇಳ್ತೀನಿ. ನಮ್ಮ ಹೊಳಿ ದಂಡಿಗೆ ಅರಬಿ ಒಗಿಯೋ ಹೆಣ್ಮಕ್ಕಳ ಫೋಟೊ ಕೇಳದ ಹೊಡದಾಗ ನಮಗ ಎಷ್ಟು ಸಿಟ್ಟು ಬರ್ತಿತ್ತು ನೆನಪಿರ್ಲಿ. ಕೇಳ್ರಿ, ಬ್ಯಾಡ ಅಂದ್ರ ಬಿಡ್ರಿ. ಅವರು ಹೊತ್ತು ಕೊಟ್ರ ಸಣ್ಣದಾದ್ರೂ ಒಂದು ಮಡಕಿ ತಗೋರಿ, ಚೌಕಾಸಿ ಅತಿ ಮಾಡಬ್ಯಾಡ್ರಿ.

ಸಂಪಾದಕರೇ, ನಿಮ್ಮಲ್ಲಿ ಒಂದ ವಿನಂತಿ. ನೋಡಲೇಬೇಕಾದ ಹತ್ತು ಜಾಗ ಅನ್ನೋ ಲೇಖನದ ಪಕ್ಕದಾಗ ಅರ್ಧ ಕಾಲಂ ನಮ್ಮ ಕಡೆ ಓದುಗರಿಗೆ ಬಿಡ್ರಿ. ಯಾವ ಊರಾಗ ಇಳಿದ್ರು, ಯಾವ ಬಸ್ಸು, ಯಾರ ಮನಿಯಾಗ ಏನು ಉಂಡ್ರು, ಎಷ್ಟು ಖರ್ಚಾತು, ಅಷ್ಟ ಬರೀಲಿ. ಮೊದಲನೇದು ನಾನ ಕಳಸ್ತೀನಿ.

ಇಂತಿ,
ನಿಮ್ಮ ಓದುಗ
ಆನೆಗೊಂದಿ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ