ಆ ರಾತ್ರಿ ನನಗೆ ಸೋದರಮಾವನಾದವರಿಗೆ

ನಿನ್ನೆ ಬೆಳಗಿನ ಜಾವ ಮೈಸೂರಿನ ಲಲಿತಮಹಲ್‌ನಲ್ಲಿ ನಮ್ಮ ಧಾರಾವಾಹಿಯ ಅರಮನೆ ಶೆಡ್ಯೂಲು ಮುಗಿಸಿ ಕುಂಬಳಕಾಯಿ ಒಡೆದೆವು. 11 ರಾತ್ರಿಗಳ ಕೆಲಸ. ಊರುಗೋಲಿಲ್ಲದೆ ನಾನು ಮುಗಿಸಿದ ಮೊದಲ ಕೆಲಸವೂ ಹೌದು. ಒಬ್ಬೊಬ್ಬರಿಗೂ ಫೋನು ಮಾಡಿ ಹೇಳೋಣವೆಂದು ಕೂತೆ. ಎರಡನೆಯ ಫೋನಿಗೇ ಗಂಟಲು ಕಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜೂನ್ ತಿಂಗಳ ಆ ಮಳೆ, ಸ್ಕೂಟರು, ಕಾಲು, ಅದರೊಳಗಿನ ರಾಡು, ಎರಡನೆಯ ಸಲದ ಆಪರೇಷನ್ ಎಲ್ಲ ನಿಮಗೆ ಗೊತ್ತಿರುವುದೇ. ಮತ್ತೆ ಹೇಳುವುದಿಲ್ಲ.

ಐದು ತಿಂಗಳು ಸೆಟ್ ಹಾಕುವ ನನ್ನ ಜಾಗಕ್ಕೆ ಬೇರೆ ಯಾರನ್ನೂ ಕರೆಯದೆ ಕಾದ ನಿರ್ದೇಶಕರಿಗೆ, ನಾನು ಮಲಗಿದ್ದಾಗಲೂ ನನ್ನ ಮೂವರು ಅಸಿಸ್ಟೆಂಟ್ ಹುಡುಗರ ಸಂಬಳ ನಿಲ್ಲಿಸದ ನಿರ್ಮಾಪಕರಿಗೆ, ರಕ್ತ ಕೊಟ್ಟು ಹೆಸರೂ ಹೇಳದೆ ಹೋದ ಇಬ್ಬರು ಹುಡುಗರಿಗೆ, ದಿನಾ ಬಂದು ಕಾಲು ಮಡಿಸಿ ನನ್ನಿಂದ ಬೈಸಿಕೊಂಡ ಫಿಸಿಯೋಥೆರಪಿಯ ಹುಡುಗಿಗೆ, ಡಬ್ಬಿಯಲ್ಲಿ ತಿಳಿಸಾರು ಕಳಿಸಿದ ಎದುರುಮನೆಯವರಿಗೆ, ದುಬೈಯಿಂದ ಸಿಕ್ಕಿದ ಮೊದಲ ವಿಮಾನಕ್ಕೆ ಓಡಿಬಂದ ನನ್ನವರಿಗೆ, ಎಲ್ಲರಿಗೂ ನನ್ನ ನಮಸ್ಕಾರ. ನೀವು ಯಾರೂ ಕಡಿಮೆಯವರಲ್ಲ. ಆದರೆ ಈ ಬರಹ ಬಹುಪಾಲು ಒಬ್ಬರಿಗೇ ಸೇರುತ್ತದೆ. ಅದರ ಕಾರಣ ನಿಮಗೂ ಗೊತ್ತು.

ಯೂನಿಟ್ಟಿನಲ್ಲಿ ಎಲ್ಲರೂ ಅವರನ್ನು ಕೇಬಲಣ್ಣ ಅನ್ನುತ್ತೇವೆ. ಜನರೇಟರಿನಿಂದ ಹೊರಟ ವೈರು ಯಾವ ಕಿಟಕಿಯಿಂದ ಒಳಗೆ ಬರಬೇಕು, ಯಾವ ಬಾಗಿಲಿಗೆ ಅಡ್ಡ ಬರಬಾರದು, ಯಾವ ಲೈಟಿಗೆ ಎಷ್ಟು ಎಳೆಯಬಹುದು, ಎಲ್ಲ ಅವರ ಲೆಕ್ಕ. ಮೈಸೂರು ಸುತ್ತಮುತ್ತ ಶೂಟಿಂಗಿಗೆ ಸಿಗುವ ಹಳೆಯ ಕಟ್ಟಡಗಳನ್ನೆಲ್ಲ ಅವರು ಪ್ಲಗ್ ಪಾಯಿಂಟಿನ ಲೆಕ್ಕದಲ್ಲಿ ನೆನಪಿಟ್ಟಿದ್ದಾರೆ.

ಅವತ್ತು ನಾನು ಬಿದ್ದಾಗ ಹಿಂದೆ ಬರುತ್ತಿದ್ದದ್ದು ನಮ್ಮದೇ ಲೈಟ್ ಗಾಡಿ. ಎತ್ತಿಕೊಂಡು ಹೋದವರು ಅವರೇ. ಅಮ್ಮ ಅರಸೀಕೆರೆಯಲ್ಲಿ, ನನ್ನವರು ದುಬೈಯಲ್ಲಿ. ಆಪರೇಷನ್ ಬೆಳಿಗ್ಗೆ ಎಂದರು. ರಾತ್ರಿ ಜೊತೆಗೆ ಮನೆಯವರು ಒಬ್ಬರು ಇರಲೇಬೇಕು, ಬೇರೆಯವರಿಗೆ ಅವಕಾಶವಿಲ್ಲ ಎಂದು ನರ್ಸಮ್ಮ ಕೇಳಿದಾಗ ಕೇಬಲಣ್ಣ ಒಂದು ಕ್ಷಣವೂ ತಡವರಿಸದೆ, ‘ನಾನು ಸೋದರಮಾವ ಕಣಮ್ಮ’ ಅಂದರು. ಫಾರಂನಲ್ಲಿ ಸಂಬಂಧ ಎಂಬ ಜಾಗದಲ್ಲಿ ಹಾಗೇ ಬರೆಸಿ, ಕೆಳಗೆ ತಮ್ಮ ಸಹಿ ಹಾಕಿದರು. ಆ ಕಾಗದದ ನಕಲು ಈಗಲೂ ನನ್ನ ಫೈಲಿನಲ್ಲಿದೆ. ಎಕ್ಸ್‌ರೇಗಳನ್ನು ಬೇಕಾದರೆ ಎಸೆದೇನು, ಆ ಹಾಳೆಯನ್ನು ಮಾತ್ರ ಎಸೆಯುವುದಿಲ್ಲ.

ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು. ಹೆದರಿಕೆಗೆ ಯಾರೂ ಏನೂ ಕೊಡುವ ಹಾಗಿರಲಿಲ್ಲ. ಏಣಿ ಹತ್ತಿ ಇಳಿಯುವುದೇ ನನ್ನ ಕೆಲಸ. ಇನ್ನು ಮೇಲೆ ಹತ್ತಲಾಗದಿದ್ದರೆ ನಾನು ಯಾರು? ಇದನ್ನೇ ಬಡಬಡಿಸುತ್ತಿದ್ದೆನಂತೆ. ಕೇಬಲಣ್ಣ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು.

‘ಮೇಡಮ್ನೋರೆ, ಒಸಿ ಕಣ್ ಮುಚ್ಕಳಿ. ಲಲಿತಮಹಲ್ ಪೋರ್ಟಿಕೋದಲ್ಲಿ ಗಾಡಿಯಿಂದ ಇಳುದ್ರಿ ಅನ್ಕಳಿ. ಹಿಂದಕ್ಕೆ ತಿರುಗುದ್ರೆ ಏನ್ ಕಾಣ್ತದೆ?’

‘ಹುಲ್ಲುಹಾಸು. ಚಾಮುಂಡಿ ಬೆಟ್ಟ.’

‘ಮುಂದಕ್ಕೆ?’

ಹೀಗೆ ಶುರುವಾಯಿತು. ಜೋಡಿ ಜೋಡಿಯಾಗಿ ನಿಂತ ಆ ಬಿಳಿ ಕಂಬಗಳ ನಡುವೆ ಒಳಗೆ ಹೋದೆವು. ದೊಡ್ಡ ಗುಮ್ಮಟದ ಕೆಳಗಿನ ದುಂಡು ಹಾಲಿನಲ್ಲಿ ನಿಲ್ಲಿಸಿ, ಇಲ್ಲಿ ನಿಮ್ಮ ಕಷ್ಟ ಏನು ಎಂದು ಕೇಳಿದರು. ಸೌಂಡು ಅಂದೆ. ಅಮೃತಶಿಲೆಯ ನೆಲ, ಎತ್ತರದ ಗೋಡೆ, ಒಬ್ಬರು ಕೆಮ್ಮಿದರೆ ನಾಲ್ಕು ಜನ ಕೆಮ್ಮಿದಂತೆ ಕೇಳುತ್ತದೆ. ಕ್ಯಾಮೆರಾಕ್ಕೆ ಕಾಣದ ಕಡೆಯಲ್ಲೆಲ್ಲ ನಾವು ಜಮಖಾನ, ಕಂಬಳಿ ಇಳಿಬಿಡುತ್ತೇವೆ. ಆಮೇಲೆ ಲಿಫ್ಟು. ಹಳೆಯ ಕಾಲದ ಆ ಲಿಫ್ಟನ್ನು ಯಾವ ನಿರ್ದೇಶಕರೂ ಬಿಡುವುದಿಲ್ಲ, ಒಂದು ಶಾಟ್ ಇಡಿಸಿಯೇ ಇಡಿಸುತ್ತಾರೆ. ‘ಲಿಫ್ಟು ಬ್ಯಾಡಿ, ಮೆಟ್ಲಲ್ಲೇ ಹೋಗನ’ ಎಂದರು ಕೇಬಲಣ್ಣ. ಇಟಲಿಯ ಅಮೃತಶಿಲೆಯ ಮೆಟ್ಟಿಲು. ‘ಎಷ್ಟವೆ?’

ನನಗೆ ಗೊತ್ತಿರಲಿಲ್ಲ. ಹತ್ತಾರು ಸಲ ಓಡಾಡಿದ್ದೇನೆ, ಕಂಬಿಯ ಒಂದೊಂದು ತಿರುವನ್ನೂ ಕಾಗದದ ಮೇಲೆ ಬರೆಯಬಲ್ಲೆ, ಮೆಟ್ಟಿಲನ್ನು ಮಾತ್ರ ಎಣಿಸಿರಲಿಲ್ಲ.

‘ಹಂಗಾದ್ರೆ ಹೋಗಿ ಎಣಿಸ್ಲೇಬೇಕು’ ಅಂದರು. ಅಷ್ಟೇ. ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತೆ ಅನ್ನುವ ಮಾತು ಅವರ ಬಾಯಿಂದ ಇಡೀ ರಾತ್ರಿ ಬರಲಿಲ್ಲ.

ಆ ಕಟ್ಟಡದ ಚರಿತ್ರೆ ನನಗೆ ಬಾಯಿಪಾಠ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಬಂದಾಗ ಇಳಿದುಕೊಳ್ಳಲೆಂದು ಕಟ್ಟಿಸಿದ್ದು, 1921ರಲ್ಲಿ ಅಡಿಗಲ್ಲು, ನಕ್ಷೆ ಮುಂಬಯಿಯ ಇ. ಡಬ್ಲ್ಯು. ಫ್ರಿಚ್ಲಿ ಅವರದು, ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚು ಮಾದರಿ, 1974ರಿಂದ ಹೋಟೆಲು. ಇದನ್ನೆಲ್ಲ ಅವತ್ತು ಕೇಬಲಣ್ಣನಿಗೆ ಒಪ್ಪಿಸುತ್ತಾ ಹೋದೆ. ಅವರು ಪ್ರತಿಯೊಂದಕ್ಕೂ ತಮ್ಮ ಚರಿತ್ರೆ ಸೇರಿಸಿದರು. ಯಾವ ಮೂಲೆ ಯಾವ ಸಿನಿಮಾದಲ್ಲಿ ಜಮೀನ್ದಾರರ ಮನೆಯಾಯಿತು, ಯಾವುದರಲ್ಲಿ ಮಂತ್ರಿಯ ಬಂಗಲೆ, ಯಾವುದರಲ್ಲಿ ನ್ಯಾಯಾಲಯ. ಊರ ನಡುವಿನ ದೊಡ್ಡ ಅರಮನೆ ಅಂಬಾವಿಲಾಸ ನಮ್ಮಂಥವರಿಗೆ ಶೂಟಿಂಗಿಗೆ ಸಿಗುವ ಜಾಗವಲ್ಲ. ಹಾಗಾಗಿ ಸಿನಿಮಾದ ಅರಮನೆ ಎಂದರೆ ಮೈಸೂರಿನಲ್ಲಿ ಲಲಿತಮಹಲೇ. 1995ರಲ್ಲಿ ರಜನಿಕಾಂತ್ ಅವರ ‘ಮುತ್ತು’ ಇಲ್ಲಿ ತೆಗೆದು, ಅದು ಜಪಾನಿನಲ್ಲೂ ಓಡಿತು. ವೈಸ್‌ರಾಯ್‌ಗೆ ಕಟ್ಟಿದ ಮನೆಯನ್ನು ಜಪಾನಿನವರು ನೋಡಿದ್ದು ನಮ್ಮ ಲೈಟಿನ ಹುಡುಗರು ಹಿಡಿದ ಬೆಳಕಿನಲ್ಲಿ ಅಂದುಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬಾಲ್‌ರೂಮಿಗೆ ಬರುವ ಹೊತ್ತಿಗೆ ಮೂರು ಗಂಟೆ ದಾಟಿರಬೇಕು. ಬಣ್ಣದ ಗಾಜಿನ ಗುಮ್ಮಟವಿರುವ, ಈಗ ಊಟದ ಮನೆಯಾಗಿರುವ ಆ ಹಾಲ್ ನನಗೆ ಇಡೀ ಮೈಸೂರಿನಲ್ಲಿ ಇಷ್ಟವಾದ ಜಾಗ. ನೀವೂ ಒಂದು ಗಳಿಗೆ ಒರಗಿ ಅಣ್ಣ ಅಂದೆ.

‘ನಾನು ಆಸ್ಪತ್ರೇಲಿ ಒರಗಾಕಿಲ್ಲ ಕಣವ್ವ.’

ಅಲ್ಲಿಯವರೆಗೂ ಮೇಡಮ್ನೋರೆ ಅನ್ನುತ್ತಿದ್ದವರು. ಆಮೇಲೆ ಇವತ್ತಿನವರೆಗೆ ನಾನು ಅವರಿಗೆ ಅವ್ವನೇ.

ಮುಂದಿನದನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿತ್ತು. 62 ಜನ ಹೋದರು. ಅದರ ನಾಯಕ, ನಿರ್ದೇಶಕ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು ಬದುಕಿ ಬಂದದ್ದನ್ನು ದೇಶವೆಲ್ಲ ಓದಿತು. ಲೈಟ್ ಹುಡುಗರ, ಸೆಟ್ ಕೆಲಸದವರ, ದಿನಗೂಲಿಗೆ ಬಂದು ನಿಂತವರ ಹೆಸರು ಯಾರಿಗೂ ನೆನಪಿಲ್ಲ. ಕೇಬಲಣ್ಣನಿಗೆ ಆಗ 20 ವರ್ಷ. ಅವತ್ತು ಅವರ ಕೆಲಸ ಬೇರೆ ಕಡೆ ಇತ್ತು. ಜೊತೆಗೆ ಲೈಟು ಹೊರುತ್ತಿದ್ದ ಗೆಳೆಯನ ಕೆಲಸ ಅಲ್ಲಿತ್ತು. ಸುದ್ದಿ ಕೇಳಿ ಓಡಿದರು. ಆಸ್ಪತ್ರೆಯಲ್ಲಿ ಗೆಳೆಯನ ಪಕ್ಕ ನೆಲದ ಮೇಲೆ ಕೂತರು. ಅವನಿಗೆ ಮುಟ್ಟಿಸಿಕೊಳ್ಳಲೂ ಆಗುತ್ತಿರಲಿಲ್ಲ. ಹೋಗಬೇಡ ಕಣೋ, ಎದ್ದಿರು ಅಂದಿದ್ದನಂತೆ. ಇವರು ಎದ್ದೇ ಇದ್ದರು, ಬೆಳಗಿನ ಜಾವದವರೆಗೆ.

‘ಒಂದೇ ಒಂದ್ ಗಳಿಗೆ ಕಣ್ ಮುಚ್ಚೋಯ್ತು ಕಣವ್ವ. ಬುಟ್ಟಾಗ ಅವ್ನಿರ್ನಿಲ್ಲ.’

ನನ್ನ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು ಹೇಳಿದರು. ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಇಷ್ಟು ವರ್ಷ ಯಾವ ರಾತ್ರಿ ಶೂಟಿಂಗಿನಲ್ಲೂ ಈ ಮನುಷ್ಯ ಗಾಡಿಯಲ್ಲಿ ಒರಗಿದ್ದನ್ನು ನಾವು ಯಾರೂ ಕಂಡಿಲ್ಲ. ಸೆಟ್ಟಿಗೆ ಬಂದ ಕೂಡಲೇ ಎಲ್ಲ ಬಾಗಿಲುಗಳನ್ನೂ ಒಮ್ಮೆ ತೆಗೆದು ಹಾಕಿ ನೋಡುತ್ತಾರೆ. ನಾವು ಅದನ್ನು ಅವರ ಅಭ್ಯಾಸ ಅಂದುಕೊಂಡಿದ್ದೆವು. ಅಷ್ಟು ವರ್ಷ ಜೊತೆಗೆ ಊಟ ಮಾಡಿಯೂ ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. ಕೇಬಲಣ್ಣ, ಅದಕ್ಕೆ ನನ್ನನ್ನು ಕ್ಷಮಿಸಿ.

ಆಮೇಲೆ ಇಬ್ಬರೂ ಸುಮ್ಮನಿದ್ದೆವು. ಒಂದಷ್ಟು ಹೊತ್ತಾದ ಮೇಲೆ ಅವರೇ, ‘ಬಾಲ್‌ರೂಮಲ್ಲಿ ನಿಂತಿದ್ವಲ್ಲ, ಹೊರಡನ’ ಅಂದರು. ಆರು ಗಂಟೆಗೆ ಅಮ್ಮ ಬಂದಳು. ಅವಳ ಕೈಗೆ ನನ್ನ ಚಪ್ಪಲಿಯ ಚೀಲ ಕೊಟ್ಟು, ಮುಖ ತೊಳೆದುಕೊಂಡು, ಏಳು ಗಂಟೆಯ ಕಾಲ್‌ಶೀಟಿಗೆ ಹೋದರು.

ನರ್ಸಮ್ಮ ಅಮ್ಮನಿಗೆ ‘ನಿಮ್ಮ ತಮ್ಮ ರಾತ್ರಿಯೆಲ್ಲ ಕಣ್ಣು ಮಿಟುಕಿಸಿಲ್ಲ’ ಅಂದರಂತೆ. ಅಮ್ಮ ಅಣ್ಣತಮ್ಮಂದಿರಿಲ್ಲದೆ ಬೆಳೆದವಳು. ಏನೂ ಹೇಳದೆ ‘ಹೌದು’ ಎಂದಳಂತೆ. ಗೌರಿ ಹಬ್ಬದ ಹಿಂದಿನ ದಿನ ಕೇಬಲಣ್ಣ ಅರಸೀಕೆರೆಗೇ ಹೋಗಿ ಅವಳ ಕೈಗೆ ಎಲೆ ಅಡಿಕೆ, ಬಳೆ, ಅರಿಸಿನ ಕುಂಕುಮ ಕೊಟ್ಟು ಬಂದರು. ಅರವತ್ತೆರಡು ವರ್ಷಕ್ಕೆ ಅಮ್ಮನಿಗೆ ಬಂದ ಮೊದಲ ತವರಿನ ಹಬ್ಬ. ಇದಕ್ಕೆ ನಾನು ಯಾವ ಮಾತಿನಲ್ಲಿ ಧನ್ಯವಾದ ಹೇಳಲಿ?

ಈ ಶೆಡ್ಯೂಲಿನ ಬಗ್ಗೆ ಸ್ವಲ್ಪ. ಬಾಲ್‌ರೂಮಿನಲ್ಲಿ ಹೋಟೆಲಿನ ರಾತ್ರಿಯೂಟದ ಕೊನೆಯ ತಟ್ಟೆ ಎತ್ತಿದ ಮೇಲೆ ಹಾಲ್ ನಮ್ಮದು, ಅತಿಥಿಗಳ ಬೆಳಗಿನ ತಿಂಡಿಗೆ ಮುಂಚೆ ಇದ್ದಂತೆಯೇ ಬಿಟ್ಟುಕೊಡಬೇಕು. ಗೋಡೆಗೆ ಒಂದು ಮೊಳೆಯಿಲ್ಲ, ಬಣ್ಣದ ಮೇಲೆ ಒಂದು ಟೇಪಿಲ್ಲ. ನಮ್ಮ ಕಮಾನುಗಳೆಲ್ಲ ತಮ್ಮ ಕಾಲ ಮೇಲೆ ತಾವೇ ನಿಲ್ಲುವಂಥವು. ಸ್ಟ್ಯಾಂಡುಗಳ ಕಾಲಿಗೆ ಬಟ್ಟೆ ಕಟ್ಟಿ, ಕ್ಯಾಮೆರಾ ಟ್ರ್ಯಾಕಿನ ಕೆಳಗೆ ಕಂಬಳಿ, ಅದರ ಮೇಲೆ ಪ್ಲೈವುಡ್ ಹಾಕಿದೆವು. ಒಂದೊಂದು ಕುರ್ಚಿ ಎಲ್ಲಿತ್ತೆಂದು ಮೊದಲೇ ಫೋಟೋ ತೆಗೆದು, ಮುಗಿದ ಮೇಲೆ ಫೋಟೋ ನೋಡಿ ಜೋಡಿಸಿದೆವು. 11 ರಾತ್ರಿಯಲ್ಲಿ ಒಂದು ಗೀರು ಬಿದ್ದಿಲ್ಲ. ನನ್ನ ಮೂವರು ಹುಡುಗರೇ, ಇದು ನಿಮ್ಮ ಕೆಲಸ. ಹೆಮ್ಮೆಯಿಂದ ಹೇಳುತ್ತೇನೆ.

ಕಥೆಯಲ್ಲಿ ರಾಜಕುಮಾರಿಯ ಮದುವೆ. 200 ಎಣ್ಣೆ ದೀಪ ಬೇಕೆಂದು ಬರೆದಿತ್ತು. ಆಗುವುದಿಲ್ಲ ಅಂದೆ. ಈ ಊರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲೇ. ಹೆನ್ರಿ ಇರ್ವಿನ್ ನಕ್ಷೆಯ ಈಗಿನ ಅರಮನೆ ಮುಗಿಯಲು 1912ರವರೆಗೆ ಕಾಯಬೇಕಾಯಿತು. ನಿರ್ದೇಶಕರಿಗೆ ಅದನ್ನು ಹೇಳಿದೆ. 1989ನ್ನೂ ಹೇಳಿದೆ, ಗೆಳೆಯನ ವಿಷಯ ಹೇಳಲಿಲ್ಲ. ಅವರು ಒಂದು ನಿಮಿಷ ಸುಮ್ಮನಿದ್ದು ಸರಿ ಎಂದರು. 200 ದೀಪವೂ ಬ್ಯಾಟರಿಯವು. ಒಳಗೆ ಸಣ್ಣ ಬಲ್ಬು, ಮೇಲೆ ಮೇಣದ ಬಣ್ಣದ ಕಾಗದ. ನಾಲ್ಕು ರಾತ್ರಿ ಕೂತು ಮಾಡಿದೆವು. ಪರದೆಯ ಮೇಲೆ ವ್ಯತ್ಯಾಸ ಕಂಡರೆ ತಪ್ಪು ನನ್ನದು. ಆದರೆ ಆ ದೃಶ್ಯದ ರಾತ್ರಿ ಕೇಬಲಣ್ಣ ಬಾಲ್‌ರೂಮಿನ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಅವರು ಸೆಟ್ಟಿನಲ್ಲಿ ಕೂತದ್ದನ್ನು ನಾನು ಮೊದಲ ಸಲ ಕಂಡೆ.

ನಿನ್ನೆ ಕುಂಬಳಕಾಯಿಯ ಮೇಲಿನ ಕರ್ಪೂರ ಮಾತ್ರ ನಿಜವಾದ ಬೆಂಕಿ. ಅದನ್ನೂ ಪೋರ್ಟಿಕೋದಲ್ಲಿ ಹಚ್ಚಲು ಬಿಡದೆ, ದೂರ ರಸ್ತೆಯ ಹತ್ತಿರ ಹಚ್ಚಿಸಿ, ಒಡೆದ ಮೇಲೆ ಒಂದು ಬಕೆಟ್ ನೀರು ಸುರಿದರು. ಎಲ್ಲರೂ ಗಾಡಿ ತುಂಬುತ್ತಿದ್ದಾಗ ನಾನು ಒಳಗೆ ಹೋಗಿ ಮೆಟ್ಟಿಲು ಹತ್ತಿದೆ. ಕಂಬಿ ಹಿಡಿದೇ ಹತ್ತಿದೆ. ಒಂದೊಂದಾಗಿ ಎಣಿಸಿದೆ. ಎಷ್ಟೆಂದು ಅವರೊಬ್ಬರಿಗೇ ಹೇಳಿದ್ದೇನೆ. ಬೇರೆಯವರು ಕೇಳಬೇಡಿ.

ಕೇಬಲಣ್ಣ ಫೋನಿನಲ್ಲಿ ಇಷ್ಟುದ್ದ ಓದುವವರಲ್ಲ. ಅವರ ಮಗಳೇ, ನೀನು ಓದಿ ಹೇಳು. 1989ರ ಭಾಗ ಬಂದಾಗ ಅವರ ಮುಖ ನೋಡಿಕೊಂಡು ಓದು, ಬೇಡ ಅನ್ನಿಸಿದರೆ ಅಲ್ಲಿಂದ ಗೌರಿ ಹಬ್ಬಕ್ಕೆ ಬಂದುಬಿಡು. ಕೊನೆಯ ಸಾಲನ್ನು ಮಾತ್ರ ಜೋರಾಗಿ ಓದು.

ಮಾವ, ಭಾನುವಾರ ಅಮ್ಮ ಬರ್ತಾಳೆ. ಉಪ್ಸಾರು, ಮುದ್ದೆ ಮಾಡ್ತಾಳಂತೆ. ಹಗಲು ಕಾಲ್‌ಶೀಟ್ ಒಪ್ಕೋಬೇಡಿ, ಮನೆಯವರನ್ನೆಲ್ಲ ಕರ್ಕೊಂಡು ಊಟಕ್ಕೆ ಬನ್ನಿ.